ಕದ್ದ ಮೆಲುಕು

ಚಿತ್ತಾಪುರ, ೧೯೫೪ ಮಾರ್ಚ್ ೯

ಹುಟ್ಟಿದ್ದು ಸೇಡಂ, ಓದಿದ್ದು ಹೈದರಾಬಾದು, ಸದ್ಯ ಚಿತ್ತಾಪುರದ ಸರಕಾರಿ ದನದ ದವಾಖಾನೆಯ ಡಾಕ್ಟರು, ಈವರೆಗೆ ಯಾವ ಠಾಣೆಯ ಮೆಟ್ಟಿಲನ್ನೂ ಹತ್ತದ ಮಡಿವಾಳಯ್ಯನಾದ ನಾನು, ಯಾರ ಒತ್ತಾಯವೂ ಇಲ್ಲದೆ ಈ ಪುಸ್ತಕದ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ: ಇವತ್ತು ಮುಂಜಾನೆ ರಾವೂರಿನಲ್ಲಿ ಕಳವು ಮಾಡಿದೆ. ಕದ್ದ ಮಾಲು, ಎತ್ತು ಅರ್ಧ ಜಗಿದ ಮೆಲುಕಿನ ಉಂಡೆ ಒಂದು. ಬಣ್ಣ ಹಸಿರು. ವಾಸನೆಯನ್ನು ವರ್ಣಿಸಲು ಕಾಲೇಜಿನ ಭಾಷೆ ಸಾಲದು. ಮಾಲು ಸಾಗಿಸಿದ್ದು ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ, ಎದೆಯ ಕಿಸೆಯಲ್ಲಿ. ಹೆಸರು ಮಡಿವಾಳಯ್ಯ, ಎದೆಗೆ ಹಚ್ಚಿಕೊಂಡದ್ದು ಎಂಜಲು.

ಮಾಲಿನ ಒಡತಿ ಅಮೃತಮ್ಮ ಎಂಬ ಮುದುಕಿ. ನನ್ನ ವೈರಿ. ವೈರ ಹುಟ್ಟಿ ಇನ್ನೂ ಒಂದು ದಿನವಾಗಿಲ್ಲ, ಆಗಲೇ ಅದಕ್ಕೆ ಮೀಸೆ ಬಂದಿದೆ.

ರಾವೂರಿನ ಖಂಡೆಪ್ಪ ಗಣಿಯಿಂದ ವಾಡಿ ಸ್ಟೇಷನ್ನಿಗೆ ನೆಲಹಾಸಿನ ಫರಸಿಕಲ್ಲು ಹೊಡೆಯುವ ಗಾಡಿಯವನು. ಅವನ ಎತ್ತೊಂದು ಮೇವು ಬಿಟ್ಟಿತ್ತು. ನಾನು ಮೂರು ದಿನ ಸೈಕಲ್ಲು ತುಳಿದು ಏಳು ಸೂಜಿ ಚುಚ್ಚಿದೆ. ಎತ್ತು ಪ್ರತಿ ಸಲವೂ ನನ್ನ ಮುಖವನ್ನು ಕನಿಕರದಿಂದ ನೋಡಿತು. ನಾನು ಹಿಂತಿರುಗಿದ ಮೇಲೆ ಈ ಮುದುಕಿ ಹಿತ್ತಾಳೆಯ ಬಟ್ಟಲು ಹಿಡಿದು ಬಂದಳಂತೆ. ಪಕ್ಕದ ಗಟ್ಟಿ ಎತ್ತಿನ ಬಾಯಿಗೆ ಕೈ ಹಾಕಿ ಮೆಲುಕನ್ನು ಕಿತ್ತು, ಬಿಸಿನೀರಲ್ಲಿ ಕಲಸಿ, ಜಡ್ಡಿನ ಎತ್ತಿಗೆ ಕುಡಿಸಿದಳಂತೆ. ಇವತ್ತು ಎಂಟನೆಯ ಸೂಜಿಯೊಂದಿಗೆ ಹೋದರೆ ಎತ್ತು ಜೋಳದ ಕಣಕಿ ತಿನ್ನುತ್ತಿದೆ. ಊರ ಗಂಡಸರೆಲ್ಲ ಕಟ್ಟೆಯ ಮೇಲೆ.

“ಸಾಹೇಬ್ರ,” ಎಂದಳು ಮುದುಕಿ, “ಸೂಜಿ ಒಳಗ ಇಟ್ಕೋರಿ. ಚಳಿಗಾಲದಾಗ ಕೌದಿ ಹೊಲಿಲಿಕ್ಕ ಬೇಕಾಗ್ತದ.”

ಊರು ನಕ್ಕಿತು. ಎಲ್ಲರಿಗಿಂತ ಹೆಚ್ಚು ಖಂಡೆಪ್ಪ. ನಾನು ಚಿತ್ತಾಪುರ ಮುಟ್ಟುವ ಮೊದಲೇ ‘ಸೂಜಿ ಸಾಹೇಬ’ ಎಂಬ ಬಿರುದು ಮುಟ್ಟಿತ್ತು.

ಅವರು ನಗುತ್ತಿದ್ದಾಗಲೇ, ಮುಂಜಾನೆ ಮತ್ತೆ ತೆಗೆದು ಬಟ್ಟಲಲ್ಲಿ ಇಟ್ಟಿದ್ದ ಉಂಡೆಯೊಂದನ್ನು ಎಗರಿಸಿದೆ. ಸೂಕ್ಷ್ಮದರ್ಶಕದಲ್ಲಿ ಹೊಲಸು ತೋರಿಸಿ, ತಹಸೀಲಿಗೆ ವರದಿ ಕಳಿಸಿ, ಮುದುಕಿಯ ಕೈ ಕಟ್ಟಿಸುವ ಉದ್ದೇಶ. ಗಾಜಿನ ಮೇಲೆ ಒಂದು ಹನಿ ಇಟ್ಟು ಕಣ್ಣಿಟ್ಟೆ. ಹೊಲಸಲ್ಲ, ಪಟ್ಟಣ! ಮೈತುಂಬ ಕೂದಲಿನ, ಗಡಿಗೆಯಾಕಾರದ, ಚಪ್ಪಲಿಯಾಕಾರದ ಜೀವಿಗಳು ಒಂದನ್ನೊಂದು ತಳ್ಳಾಡಿಕೊಂಡು ಓಡುತ್ತಿವೆ. ಕಂಪೌಂಡರ್ ಅಬ್ದುಲ್ ಗನಿಯೂ ಬಗ್ಗಿ ನೋಡಿದ.

“ಯಾ ಅಲ್ಲಾ! ಸಾಬ್, ಇದು ಎಂಜಲಾ ಅಲ್ರಿ. ಮದ್ರಾಸ್ ಗಾಡಿ ಬಂದಾಗಿನ ವಾಡಿ ಟೇಸನ್ ಅದ.”

ಮಾರ್ಚ್ ೧೦

ಇಡೀ ದಿನ ಮೆಲುಕು ಹಾಕಿದೆ. ಎತ್ತು ಹುಲ್ಲನ್ನು ಹಾಕುತ್ತದೆ, ನಾನು ಅವಮಾನವನ್ನು. ಎತ್ತಿಗೆ ಅದರಿಂದ ಮೈ ಬರುತ್ತದೆ, ನನಗೆ ಮೈ ಉರಿ.

ಕಾಲೇಜಿನಲ್ಲಿ ಓದಿದ್ದು ಈಗ ನೆನಪಾಗುತ್ತಿದೆ. ಪರೀಕ್ಷೆಗೆ ಬಾರದ ಪುಟವಾದ್ದರಿಂದ ತಡವಾಯಿತು. ಎತ್ತಿನ ಹೊಟ್ಟೆ ನಾಲ್ಕು ಕೋಣೆಯ ವಾಡೆ. ಮೊದಲನೆಯ ದೊಡ್ಡ ಕೋಣೆಯಲ್ಲಿ ಕೋಟಿಗಟ್ಟಲೆ ಬಾಡಿಗೆದಾರರು. ಎತ್ತಿಗೆ ಹುಲ್ಲು ಅರಗಿಸಲು ಬರುವುದಿಲ್ಲ. ಈ ಕಣ್ಣಿಗೆ ಕಾಣದವರೇ ಅರಗಿಸುವುದು. ಮೇವಿನಲ್ಲಿನ ಸಾರಜನಕವನ್ನು ತಿಂದು ಅವರು ಮೈ ಬೆಳೆಸಿಕೊಳ್ಳುತ್ತಾರೆ, ಮರಿ ಹಾಕುತ್ತಾರೆ. ಕೊನೆಗೆ ಮುಂದಿನ ಕೋಣೆಗೆ ಹೋದಾಗ ಎತ್ತು ಬಾಡಿಗೆದಾರರನ್ನೇ ಅರಗಿಸಿಕೊಂಡು ಮಾಂಸ ಮಾಡಿಕೊಳ್ಳುತ್ತದೆ. ನಿಜಾಮರ ಜಹಗೀರುಗಳೆಲ್ಲ ರದ್ದಾದ ಮೇಲೂ ನಡೆಯುತ್ತಿರುವ ಏಕೈಕ ಜಹಗೀರು.

ಖಂಡೆಪ್ಪನ ಎತ್ತಿನ ಹೊಟ್ಟೆಯಲ್ಲಿ ಬಾಡಿಗೆದಾರರು ಸತ್ತಿದ್ದರು. ಮುದುಕಿ ಹೊಸಬರನ್ನು ತಂದು ಇಳಿಸಿದಳು. ಅಂದರೆ ಆಕೆ ಮಾಡಿದ್ದು ಸರಿ.

ಈ ಕೊನೆಯ ವಾಕ್ಯವನ್ನು ಈ ಪುಸ್ತಕದ ಹೊರಗೆ ನಾನು ಸತ್ತರೂ ಹೇಳುವುದಿಲ್ಲ. ಸೇಡಂನವನು ಸೇಡು ಬಿಟ್ಟರೆ ಊರಿನ ಹೆಸರಿನಲ್ಲಿ ಉಳಿಯುವುದೇನು?

ಮಾರ್ಚ್ ೧೯

ಆಯುಧ ಬಂತು. ಹೈದರಾಬಾದಿನಲ್ಲಿರುವ ನನ್ನ ಸಹಪಾಠಿ ಒಂದು ಡಬ್ಬಿ ಬಿಳಿ ಪುಡಿ ಮತ್ತು ಅಮೆರಿಕದ ಒಂದು ಪತ್ರಿಕೆ ಕಳಿಸಿದ್ದಾನೆ. ಪುಡಿಯ ಹೆಸರು ಯೂರಿಯಾ. ಅದರಲ್ಲಿ ಹಿಂಡಿಯ ಹಲವು ಪಟ್ಟು ಸಾರಜನಕ. ಮನುಷ್ಯ ತಿಂದರೆ ಉಪಯೋಗವಿಲ್ಲ. ಮೆಲುಕು ಹಾಕುವ ಪ್ರಾಣಿಯ ಬಾಡಿಗೆದಾರರು ತಿಂದರೆ ಅದೇ ಮಾಂಸವಾಗುತ್ತದೆ. ಒಣ ಕಣಕಿ, ಬೆಲ್ಲದ ನೀರು, ಎರಡು ತೊಲೆ ಪುಡಿ. ಸೇಂಗಾ ಹಿಂಡಿಯ ಹಂಗೇ ಬೇಡ.

ಮುದುಕಿಯ ಬಾಡಿಗೆದಾರರಿಂದಲೇ ಮುದುಕಿಯನ್ನು ಸೋಲಿಸುತ್ತೇನೆ. ಇದಕ್ಕಿಂತ ರುಚಿಯಾದ ಸೇಡು ಯಾವ ಅಡುಗೆಮನೆಯಲ್ಲೂ ಬೆಂದಿಲ್ಲ.

ಮಾರ್ಚ್ ೨೧

ಕಟ್ಟೆಯ ಮೇಲೆ, ಅದೇ ಮಂದಿಯ ಎದುರಿಗೆ, ಸವಾಲು ಹಾಕಿದೆ. ಖಂಡೆಪ್ಪನ ಹತ್ತಿರ ಇನ್ನೂ ನೊಗಕ್ಕೆ ಹೂಡದ ಎರಡು ಹೋರಿಗಳಿವೆ. ಕೆಂಪಗಿನ ಕೆಂದ್ಯಾ ನನಗೆ, ಮಚ್ಚೆಯ ಹಂಡ್ಯಾ ಮುದುಕಿಗೆ. ಆಕೆ ಹಿಂಡಿ ಹಾಕಲಿ, ನಾನು ಪುಡಿ. ಎರಡು ತಿಂಗಳ ಮೇಲೆ ವಾಡಿಯ ಕಲ್ಲಿನ ಡಿಪೋದ ತಕ್ಕಡಿಯಲ್ಲಿ ತೂಕ. ಸೋತವರು ಮತ್ತೆಂದೂ ರಾವೂರಿನ ದನದ ಮೈಗೆ ಕೈ ಹಚ್ಚಬಾರದು.

“ಯಾವ ಪುಡಿ ಅದು?” ಎಂದಳು.

ಕಲಿತವನ ಚಟ, ವಿವರಿಸಿದೆ. ಉಚ್ಚೆಯಲ್ಲಿ ಇರುವ ಪದಾರ್ಥವೇ ಇದು, ಕಾರಖಾನೆಯಲ್ಲಿ ಶುದ್ಧವಾಗಿ ಮಾಡಿದ್ದಾರೆ ಎಂದೆ.

“ಕೇಳಿದ್ರೇನ್ರೋ!” ಮುದುಕಿ ಕಟ್ಟೆಯ ಕಡೆ ತಿರುಗಿದಳು. “ನಮ್ಮ ಎಂಜಲಾ ಹೊಲಸಂತ. ಇವರ ಉಚ್ಚಿ ಮಡಿಯಂತ!”

ಮತ್ತೆ ನಕ್ಕರು. ಖಂಡೆಪ್ಪನಿಗೆ ಕೆಮ್ಮು ಹತ್ತಿತು. ನಗಲಿ. ಎಷ್ಟು ಹಲ್ಲು ಕಂಡವು ಎಂದು ಲೆಕ್ಕ ಇಟ್ಟಿದ್ದೇನೆ.

ಮಾರ್ಚ್ ೨೮

ಮೊದಲ ತೂಕ ಆಯಿತು. ಸರಿಸಮ, ಒಂದು ಸೇರಿನ ವ್ಯತ್ಯಾಸವೂ ಇಲ್ಲ. ಎರಡೂ ಖಂಡೆಪ್ಪನ ಕೊಟ್ಟಿಗೆಯಲ್ಲೇ, ಎದುರುಬದುರು ಗೂಟಕ್ಕೆ. ಕೊಟ್ಟಿಗೆಯ ಎದುರಿಗೇ ಮುದುಕಿಯ ಮನೆ. ನನ್ನ ದಾಖಲೆಯಲ್ಲಿ ಕೆಂದ್ಯಾ ಎಂಬ ಹೆಸರಿಲ್ಲ. ಪ್ರಾಣಿ ನಂಬರ್ ಒಂದು. ಸೇಡಿನಲ್ಲೂ ಶಾಸ್ತ್ರ ಬಿಡಬಾರದು.

ಏಪ್ರಿಲ್ ೨

ನಂಬರ್ ಒಂದು ಸೊರಗಿದೆ. ಪುಡಿ ಬೆರೆಸಿದ ನೀರನ್ನು ಮೂಸಿ ಮುಖ ತಿರುಗಿಸುತ್ತದೆ. ಎದುರಿಗೆ ಹಂಡ್ಯಾ ಹಿಂಡಿ ತಿಂದು ಮಿಂಚುತ್ತಿದೆ.

“ಸಾಹೇಬ್ರ,” ಎಂದಳು ಮುದುಕಿ, “ನಿಮ್ಮ ಹೋರಿ ದಿನಾ ನಿಮ್ಮಂಗೇ ಆಗಲಿಕತ್ತದ. ಬರೇ ಎಲುಬು, ಮ್ಯಾಲ ಸಿಟ್ಟು.”

ಬಾಡಿಗೆದಾರರಿಗೆ ಹೊಸ ಊಟ ರೂಢಿಯಾಗಲು ಎರಡು ಮೂರು ವಾರ ಬೇಕು, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಎನ್ನುತ್ತದೆ ಪತ್ರಿಕೆ. ಪತ್ರಿಕೆಯನ್ನು ನೋಡಿ ಕಟ್ಟೆಯ ಮೇಲೆ ಯಾರೂ ನಕ್ಕಿಲ್ಲವಲ್ಲ, ಅದಕ್ಕೆ ಅಷ್ಟು ತಾಳ್ಮೆ. ನಾಳೆ ಎರಡು ತೊಲೆಯಲ್ಲ, ಎಂಟು.

ಏಪ್ರಿಲ್ ೧೧

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ನಡೆಯಲಿಲ್ಲ.

ಬಲಗೈ ಹೆಬ್ಬೆರಳಿಗೆ ಪಟ್ಟಿ ಇರುವುದರಿಂದ ಅಕ್ಷರ ಸೊಟ್ಟ. ಡಬ್ಬಿಯ ಮುಚ್ಚಳ ತಗುಲಿತು. ಅಬ್ದುಲ್ ಗನಿ ಪಟ್ಟಿ ಸುತ್ತುತ್ತ, “ಡಬ್ಬಿಗೆ ಹಲ್ಲು ಇರತಾವೇನ್ರಿ ಸಾಬ್?” ಎಂದು ಕೇಳಿದ. ಕಂಪೌಂಡರುಗಳಿಗೆ ಇಷ್ಟು ಕುತೂಹಲ ಇರಬಾರದು.

ಪುಡಿಯನ್ನು ಮತ್ತೆ ಎರಡು ತೊಲೆಗೆ ಇಳಿಸಿದ್ದೇನೆ. ಕಾರಣಗಳು ಶಾಸ್ತ್ರೀಯ. ಕೆಂದ್ಯಾ ಇವತ್ತು ಒಂದು ಹೊರೆ ಕಣಕಿ ತಿಂದ.

ಏಪ್ರಿಲ್ ೨೪

ಕೆಂದ್ಯಾನಿಗೆ ಮೈ ಬರುತ್ತಿದೆ! ಪುಡಿ ಈಗ ನಾಲ್ಕು ತೊಲೆ. ಬೆಲ್ಲದ ನೀರಿನ ಬಕೀಟು ಕಂಡರೆ ಗೂಟ ಕಿತ್ತುಕೊಂಡು ಬರುತ್ತಾನೆ. ನನ್ನ ಸೈಕಲ್ಲಿನ ಗಂಟೆಯ ಗುರುತು ಹಿಡಿದಿದ್ದಾನೆ. ಕಿವಿಯ ಹಿಂದೆ ತುರಿಸಿದರೆ ಕಣ್ಣು ಮುಚ್ಚುತ್ತಾನೆ. ಇದು ತೂಕಕ್ಕೆ ಸಂಬಂಧವಿಲ್ಲದ ವಿಷಯ, ಆದರೂ ದಾಖಲಿಸಿದ್ದೇನೆ.

ಸೇಡಿನ ಕಾವು ಕಡಿಮೆಯಾಗಿಲ್ಲ. ಅಮೃತಮ್ಮ ಸೋತ ದಿನ ಆಕೆಯ ಬಟ್ಟಲನ್ನು ಕಟ್ಟೆಯ ಮೇಲೆ ಬೋರಲು ಹಾಕಿಸುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಈ ಕಲ್ಪನೆ ನಿನ್ನೆಯದು. ಚೆನ್ನಾಗಿದೆ.

ಮೇ ೯

ಬಿಸಿಲಿಗೆ ಫರಸಿಕಲ್ಲು ಕಾಲು ಸುಡುತ್ತದೆ. ಮಧ್ಯಾಹ್ನ ಚಿತ್ತಾಪುರಕ್ಕೆ ತಿರುಗಿ ಹೋಗುವುದು ಆಗದ ಮಾತೆಂದು ಇತ್ತೀಚೆಗೆ ಅಮೃತಮ್ಮನ ಮನೆಯಲ್ಲೇ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಸೇಂಗಾ ಚಟ್ನಿ. ಅಬ್ದುಲ್ ಗನಿ ನಗುತ್ತಾನೆ. ವೈರಿಯ ರೊಟ್ಟಿ ತಿಂದಷ್ಟೂ ವೈರಿಯ ದಾಸ್ತಾನು ಕಡಿಮೆಯಾಗುತ್ತದೆ ಎಂಬ ಯುದ್ಧನೀತಿ ಅವನಿಗೆ ತಿಳಿಯದು.

ಇವತ್ತು ಕೇಳಿದೆ, ಈ ಕೆಲಸ ಎಲ್ಲಿ ಕಲಿತಿರಿ ಅಂತ.

“ನಮ್ಮವ್ವ ಮಾಡ್ತಿದ್ಲು, ನಾ ನೋಡ್ತಿದ್ದೆ. ರಜಾಕಾರರ ಗದ್ದಲದಾಗ ಊರು ಊರೇ ಸೊಲ್ಲಾಪುರದ ಕಡೆ ಓಡಿ ಹೋಯ್ತು, ತಮ್ಮಾ. ದನ ಯಾರು ಒಯ್ತಾರ? ನಾ ಒಬ್ಬಾಕಿ ಉಳಿದೆ. ನಲವತ್ತು ದನ, ನಾ ಒಬ್ಬಾಕಿ. ಒಂದಕ್ಕ ಜಡ್ಡಾದ್ರ ಇನ್ನೊಂದರ ಬಾಯಿಂದ ತೆಗಿತಿದ್ದೆ. ಮಂದಿ ತಿರುಗಿ ಬಂದಾಗ ಅವರವರ ದನ ಅವರವರ ಕೈಗೆ ಕೊಟ್ಟೆ.” ರೊಟ್ಟಿ ತಟ್ಟುವ ಕೈ ನಿಲ್ಲಲಿಲ್ಲ. “ನನಗ ಹೊಲ ಇಲ್ಲ, ಮಕ್ಕಳಿಲ್ಲ. ಊರಾಗ ಯಾರರೆ ಬಾ ಅಂತ ಕರೀತಾರಂದ್ರ ಈ ಕೈ ಸಲುವಾಗಿ.”

ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ. ವೈರಿಯ ಬಲ ತಿಳಿದಿರಬೇಕು, ತಿಳಿದುಕೊಂಡೆ.

ಮೇ ೩೦

ಗೆದ್ದೆ! ಗೆದ್ದೆ! ಗೆದ್ದೆ!

ವಾಡಿಯ ಡಿಪೋದಲ್ಲಿ ಕಲ್ಲು ತೂಗುವ ತಕ್ಕಡಿ. ಹಂಡ್ಯಾನನ್ನು ನಿಲ್ಲಿಸಿ ತೂಗಿದರು. ಆಮೇಲೆ ಕೆಂದ್ಯಾ, ರಾಜಗಾಂಭೀರ್ಯದಿಂದ ನಡೆದು ಬಂದು, ತಕ್ಕಡಿಯ ಮೇಲೆ ಮೊದಲು ಸಗಣಿ ಹಾಕಿದ. ಅದನ್ನು ತೆಗೆಸಿ ತೂಗಿದರೂ ಒಂಬತ್ತು ಸೇರು ಹೆಚ್ಚು! ರಾವೂರಿಗೆ ರಾವೂರೇ ಬಂದಿತ್ತು. ಯಾರೂ ನಗಲಿಲ್ಲ. ನಾನು ಕಲ್ಲಿನ ರಾಶಿ ಹತ್ತಿ ಅರ್ಧ ಗಂಟೆ ಭಾಷಣ ಮಾಡಿದೆ: ಇದು ಶಾಸ್ತ್ರದ ಗೆಲುವು, ಪುಡಿಯೊಂದರದೇ ಗೆಲುವು, ಎಂಜಲು ಗಿಂಜಲು ಎಲ್ಲ ಕುರುಡು ನಂಬಿಕೆ. ಚಪ್ಪಾಳೆ ಬಿತ್ತು.

ಅಮೃತಮ್ಮ ನನ್ನ ಹೆಬ್ಬೆರಳನ್ನು ಒಂದು ಸಲ ನೋಡಿದಳು. ಸೀರೆಯ ಸೆರಗಿನಿಂದ ಬಟ್ಟಲು ತೆಗೆದು ನನ್ನ ಕಾಲ ಬಳಿ ಇಟ್ಟು ಹೋದಳು. ಬೋರಲು ಹಾಕಿಸುವ ಪ್ರಮೇಯವೇ ಬರಲಿಲ್ಲ. ತಾನೇ ಬೋರಲು ಹಾಕಿದ್ದಳು.

ಜೂನ್ ೨

ಸೇಡು ತೀರಿತು. ಹಾಯಾಗಿದೆ.

ಮಧ್ಯಾಹ್ನ ಖಾನಾವಳಿಯಲ್ಲಿ ಉಂಡೆ. ರೊಟ್ಟಿ ಚರ್ಮದಂತಿತ್ತು. ಬಟ್ಟಲು ಮೇಜಿನ ಮೇಲಿದೆ. ಅಬ್ದುಲ್ ಗನಿ ಅದರಲ್ಲಿ ಹತ್ತಿ ಇಡಲು ಹೋದ. ಬೈದೆ. ಯಾಕೆ ಬೈದೆನೋ.

ಜೂನ್ ೯

ರಾವೂರಿನಿಂದ ಕರೆ. ಬಿಬಿಜಾನ್ ಎಂಬಾಕೆಗೆ ಇರುವುದೊಂದೇ ಎಮ್ಮೆ; ಅದರ ಹಾಲು ವಾಡಿ ಸ್ಟೇಷನ್ನಿನ ಚಹಾ ಅಂಗಡಿಗೆ ಹೋಗುತ್ತದೆ, ಅದರ ಮೇಲೆ ಆಕೆಯ ಮನೆ ನಡೆಯುತ್ತದೆ. ಎಮ್ಮೆ ಜೋಳದ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ಬಿರಿಯುವಷ್ಟು ತಿಂದಿದೆ. ನಾಲ್ಕು ದಿನದಿಂದ ಮೇವಿಲ್ಲ, ಮೆಲುಕಿಲ್ಲ. ಕಾಳಿನ ಹುಳಿಗೆ ಹೊಟ್ಟೆಯ ಬಾಡಿಗೆದಾರರು ಸತ್ತಿದ್ದಾರೆಂದು ದೂರದಿಂದಲೇ ಗೊತ್ತಾಯಿತು. ಸೋಡಾ ಕುಡಿಸಿದೆ, ಸೂಜಿ ಚುಚ್ಚಿದೆ. ಮಧ್ಯಾಹ್ನವಾದರೂ ಎಮ್ಮೆ ತಲೆ ಎತ್ತಲಿಲ್ಲ.

“ಡಾಕ್ಟರ್ ಸಾಬ್, ನನ್ನ ಎಮ್ಮಿ ಸತ್ರ ನಾ ಏನು ತಿನ್ನಲಿ?” ಎಂದಳು ಬಿಬಿಜಾನ್. ಅಳಲಿಲ್ಲ. ಅತ್ತಿದ್ದರೆ ಸುಲಭವಿತ್ತು.

ಅಮೃತಮ್ಮ ಎದುರಿನ ಮನೆಯೊಂದರ ಕಟ್ಟೆಯ ಮೇಲೆ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಹೋಗಿ ನಿಂತೆ.

“ಬರ್ರಿ ಅಮೃತಮ್ಮ.”

“ಹ್ಯಾಂಗ ಬರಲಿ? ಸೋತಾಕಿ ನಾ. ಕೈ ಹಚ್ಚಂಗಿಲ್ಲಂತ ಮಾತಾಗ್ಯದ.”

“ನಾನೇ ಹೇಳಲಿಕತ್ತೀನಿ, ಬರ್ರಿ.”

“ನೀವು ಅಂದ್ರೇನಾಯ್ತು? ಊರ ಮುಂದ ಆದ ಮಾತು ಊರ ಮುಂದ ಹೋಗಬೇಕು.”

ಖಂಡೆಪ್ಪನಿಗೆ ಹಂಡ್ಯಾನನ್ನು ಹಿಡಿದು ತರಲು ಹೇಳಿದೆ. ಇಡೀ ಊರಿನ ಎದುರು ತೋಳು ಮಡಚಿದೆ. ಹೋರಿ ಮೆಲುಕು ಏರಿಸುವವರೆಗೆ ಕಾದು, ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿಗೂ ದವಡೆಗೂ ನಡುವೆ ಖಾಲಿ ಇರುವಲ್ಲಿ ಕೈ ತೂರಿಸಿ, ನಾಲಿಗೆ ಹಿಡಿದು ಹೊರಗೆಳೆದು ಉಂಡೆ ತೆಗೆದೆ. ಬಿಸಿಬಿಸಿ. ಬಟ್ಟಲು ನನ್ನ ಚೀಲದಲ್ಲೇ ಇತ್ತು; ಯಾಕೆ ಹಾಕಿಕೊಂಡು ಬಂದಿದ್ದೆನೋ ತಿಳಿಯದು. ನೀರಲ್ಲಿ ಕಲಸಿ ಎಮ್ಮೆಗೆ ಕುಡಿಸಿದೆ. ಹೀಗೆ ಐದು ಸಲ.

ಆಮೇಲೆ ಖಂಡೆಪ್ಪ ಅಂದ: “ಸಾಹೇಬ್ರ, ಇದು ಹೊಸಾ ಕೈ ಅಲ್ಲ.”

ಪುಸ್ತಕದಲ್ಲಿ ಓದಿದ್ದೆ ಎಂದೆ.

“ಪುಸ್ತಕದಾಗ ಹೋರಿ ಬಾಯಿ ಇರ್ತದೇನ್ರಿ?”

“ಹೌದಪಾ, ಇರ್ತದ,” ಎಂದಳು ಅಮೃತಮ್ಮ, ಕೂತಲ್ಲಿಂದಲೇ. “ಓದಿದವರ ಕೈ ಅದು. ಸುಮ್ಮನ ಇರು.”

ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಾನ ಕಾಯಲು ನಿಂತಳು, ಅದನ್ನು ತಡೆಯಲಾಗಲಿಲ್ಲ. ಹಸಿರು ಕೈಯನ್ನು ಹಾಗೇ ಹಿಡಿದು ಊರಿಗೆ ಹೇಳಿದೆ: ಏಪ್ರಿಲಿನಲ್ಲಿ ಒಂದು ಪ್ರಯೋಗಕ್ಕೆಂದು ನಾನೇ ಹಂಡ್ಯಾನ ಮೆಲುಕನ್ನು ಕೆಂದ್ಯಾನಿಗೆ ಹಾಕಿದ್ದೆ, ಪುಡಿಯನ್ನು ಮೈಯಾಗಿಸಿದ್ದು ಆ ಮೆಲುಕೇ, ಆದ್ದರಿಂದ ಒಂಬತ್ತು ಸೇರು ನನ್ನದಲ್ಲ, ಪಣ ರದ್ದು, ಅಮೃತಮ್ಮನ ಕೈಗೆ ತಡೆಯಿಲ್ಲ.

ಈ ಸಲ ನಗು ವಾಡಿಯವರೆಗೆ ಕೇಳಿರಬೇಕು. ಅಮೃತಮ್ಮ ಸೆರಗಿನಿಂದ ಕೈ ಬಿಡಿಸಿಕೊಂಡು ಎದ್ದು ಬಂದು ಎಮ್ಮೆಯ ಹೊಟ್ಟೆ ಮುಟ್ಟಿ ನೋಡಿದಳು.

“ಪ್ರಯೋಗ!” ಎಂದಳು, ನನಗೊಬ್ಬನಿಗೇ ಕೇಳುವಷ್ಟು. “ಆ ಪುಡಿ ಇನ್ನೊಂದೀಟು ಉಳಿದದೇನು, ತಮ್ಮಾ? ಮಳಿಗಾಲಕ್ಕ ಹಿಂಡಿ ತುಟ್ಟಿ ಆಗ್ತದ.”

ಜೂನ್ ೧೦

ಎಮ್ಮೆ ಮೆಲುಕು ಹಾಕುತ್ತಿದೆಯೆಂದು ಮುಂಜಾನೆ ಸುದ್ದಿ ಬಂತು. ಅದರ ಜೊತೆಗೇ ಹೊಸ ಬಿರುದೂ ಬಂತು: ‘ಎಂಜಲಾ ಡಾಕ್ಟರ’. ಸೂಜಿ ಸಾಹೇಬನಿಗಿಂತ ಬಡ್ತಿಯೇ ಎಂದ ಅಬ್ದುಲ್ ಗನಿ.

ನಿನ್ನೆ ಊರ ಮುಂದೆ ಒಪ್ಪಿಕೊಂಡ ಧೈರ್ಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಪುಸ್ತಕ ತೆರೆದೆ. ಏಪ್ರಿಲ್ ಎರಡಕ್ಕೂ ಹನ್ನೊಂದಕ್ಕೂ ನಡುವಿನ ಜಾಗ ಕಣ್ಣಿಗೆ ಬಿತ್ತು. ಅಲ್ಲಿ ಪ್ರಯೋಗ ಗೀಯೋಗ ಏನೂ ಇಲ್ಲ.

ಏಪ್ರಿಲ್ ಮೂರರ ಮುಂಜಾನೆ, ಖಂಡೆಪ್ಪ ಗಣಿಗೆ ಹೋದ ಮೇಲೆ, ಎಂಟು ತೊಲೆ ಪುಡಿಯನ್ನು ಬರಿಹೊಟ್ಟೆಗೆ ಬಿದಿರಿನ ಗೊಟ್ಟದಲ್ಲಿ ಕುಡಿಸಿದೆ. ಅರ್ಧ ಗಂಟೆಯಲ್ಲಿ ಕೆಂದ್ಯಾ ನಡುಗಿದ, ಹೊಟ್ಟೆ ನಗಾರಿಯಾಯಿತು, ಮೊಣಕಾಲೂರಿ ಬಿದ್ದ. ಬಾಡಿಗೆದಾರರು ತಿಂದು ಮುಗಿಸಲಾರದಷ್ಟು ಸಾರಜನಕ ಒಮ್ಮೆಲೇ ಬಂದರೆ ಅದು ಅಮೋನಿಯವಾಗಿ ರಕ್ತಕ್ಕೆ ನುಗ್ಗುತ್ತದೆ, ಕೂಡಲೇ ಹುಳಿ ಕುಡಿಸಿ ಎಂದು ಪತ್ರಿಕೆಯ ಮುಂದಿನ ಪುಟದಲ್ಲೇ ಇತ್ತು. ನಾನು ಸೇಡಿಗೆ ಬೇಕಾದ ಪುಟದವರೆಗೆ ಓದಿ ಮಡಚಿಟ್ಟಿದ್ದೆ.

ಏನೂ ತೋಚದೆ ಹಂಡ್ಯಾನ ಮೆಲುಕು ಕದಿಯಲು ಹೋದೆ, ನೇರ ಮುಂದಿನಿಂದ, ಮೊಣಕೈಯವರೆಗೆ. ಹೋರಿಗೆ ಮುಂದೆ ಮೇಲ್ಹಲ್ಲು ಇಲ್ಲವೆಂದು ಕಾಲೇಜಿನಲ್ಲಿ ಕಲಿತಿದ್ದೆ. ಹಿಂದೆ ದವಡೆ ಹಲ್ಲುಗಳು ಇರುತ್ತವೆ ಎಂಬುದು ಮರೆತಿತ್ತು. ಹಂಡ್ಯಾ ನೆನಪು ಮಾಡಿದ.

ಅಮೃತಮ್ಮ ಓಡಿ ಬಂದವಳು ಹುಣಸೆ ಹಿಂಡಿದ ಹುಳಿಮಜ್ಜಿಗೆಯನ್ನು ಎರಡು ಗಡಿಗೆ ಕುಡಿಸಿದಳು. ಯಾವ ಪತ್ರಿಕೆಯನ್ನೂ ಓದಿದವಳಲ್ಲ. ಆಮೇಲೆ ಒಂದು ವಾರ ದಿನಾ ಮುಂಜಾನೆ, ಖಂಡೆಪ್ಪ ಹೋದ ಮೇಲೆ, ಮೆಲುಕು ತೆಗೆದದ್ದೂ ಕುಡಿಸಿದ್ದೂ ಆಕೆಯೇ. ಕೊನೆಯ ಎರಡು ದಿನ ನನ್ನ ಕೈ ಹಿಡಿದು ಪಕ್ಕದಿಂದ ಹ್ಯಾಗೆ ಹಾಕಬೇಕೆಂದು ತೋರಿಸಿದಳು. ತನ್ನ ಹೋರಿಯ ಬಾಯಿಂದ ತೆಗೆದು, ತಾನು ಸೋಲಿಸಬೇಕಾದ ಹೋರಿಗೆ. “ಖಂಡೆಪ್ಪಗ ಹೇಳಬ್ಯಾಡ ತಮ್ಮಾ, ಗಾಬರಿ ಆಗ್ತಾನ” ಎಂದಳು, ಅಷ್ಟೆ.

ಆಕೆ ಯಾಕೆ ಓಡಿ ಬಂದಳು ಎಂಬುದನ್ನು ನಿನ್ನೆ ಊರಿಗೂ ಹೇಳಿಲ್ಲ, ಅಬ್ದುಲ್ ಗನಿಗೂ ಹೇಳುವುದಿಲ್ಲ. ಹೈದರಾಬಾದಿನಲ್ಲಿ ನಾಲ್ಕು ವರ್ಷ ಓದಿದ ಡಾಕ್ಟರು, ಕೈ ಹಂಡ್ಯಾನ ಬಾಯಲ್ಲಿ, ತಲೆ ಕೆಂದ್ಯಾನ ಕಡೆ, ಕಣ್ಣಲ್ಲಿ ನೀರು, ರಾವೂರಿನ ಆ ಕೊಟ್ಟಿಗೆಯಲ್ಲಿ ನಿಂತು ಒಂದೇ ಸಮನೆ ‘ಯವ್ವಾ, ಯವ್ವಾ’ ಎಂದು ಚೀರುತ್ತಿದ್ದ. ಎದುರು ಮನೆಯಲ್ಲಿ ಆಕೆ, ತನ್ನನ್ನೇ ಕರೆಯುತ್ತಿದ್ದಾನೆ ಅಂದುಕೊಂಡಳು.